ಮೂರು ಚಂದ್ರದ ಹರವು

ಅಂಗಡಿಯ ಒಳಕೋಣೆಯಿಂದ,
ಫೆಬ್ರವರಿ ೨೧, ಭಾನುವಾರ

ಪ್ರೀತಿಯ ಪಾಪು,

ನಲವತ್ತು ದಾಟಿದವಳನ್ನು ಪಾಪು ಅಂತ ಕರೆಯಬೇಡ ಎಂದು ಹೇಳಿ ಹೇಳಿ ನೀನು ಸೋತಿದ್ದೀಯ. ಇನ್ನೂ ಸೋಲುತ್ತಿರು. ನಿನ್ನನ್ನು ಅಮ್ಮನ ಕೈಯಿಂದ ಮೊದಲು ಎತ್ತಿಕೊಂಡವಳು ನಾನು, ಆ ಹಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ನನಗೆ ಒಂದು ಮಾತು ಪೂರ್ತಿ ಮುಗಿಸಲು ಬಿಡುವುದಿಲ್ಲ. ನಾನು "ನಿನ್ನಿಂದಾಗಿ ಕಣೇ" ಎಂದು ಶುರು ಮಾಡುವಷ್ಟರಲ್ಲಿ "ಅದೆಲ್ಲ ಬಿಡಕ್ಕಾ, ಡ್ರಾಪ್ಸ್ ಹಾಕ್ಕೊಂಡ್ಯಾ?" ಎನ್ನುತ್ತೀಯ. ಪತ್ರದಲ್ಲಿ ನೀನು ಅಡ್ಡಬಾಯಿ ಹಾಕುವ ಹಾಗಿಲ್ಲ. ಅರ್ಧ ಓದಿ ಮಡಿಸಿಟ್ಟು ಕೆಲಸಕ್ಕೆ ಓಡಬೇಡ, ಕೊನೆಯ ಸಾಲಿನವರೆಗೂ ಓದು. ಇದು ಅಕ್ಕನ ಅಪ್ಪಣೆ.

ಡ್ರಾಪ್ಸ್ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಆ ಕೆಲಸವನ್ನು ನಿನ್ನ ಭಾವ ವಹಿಸಿಕೊಂಡಿದ್ದಾರೆ. ಮೊದಲ ವಾರ ಔಷಧಿಯೆಲ್ಲ ನನ್ನ ಕೆನ್ನೆಗೂ ಕಿವಿಗೂ ಹೋಯಿತು. "ಅಲ್ಲಾಡಬೇಡ ಅಂದ್ರೆ ಅಲ್ಲಾಡ್ತೀಯಲ್ಲೇ" ಎಂದು ಅವರು, "ಗುರಿ ನೋಡಿ ಹಾಕ್ರೀ" ಎಂದು ನಾನು. ಅಂಗಡಿಗೆ ಬಂದ ಗಿರಾಕಿಯೊಬ್ಬರು ಒಳಗೆ ಜಗಳವಾಗುತ್ತಿದೆ ಎಂದುಕೊಂಡು ಬಾಗಿಲಿನಿಂದಲೇ ವಾಪಸು ಹೋದರಂತೆ. ಈಗ ಅವರ ಕೈ ಕುದುರಿದೆ. ಮೊನ್ನೆ ತೋರಿಸಿಕೊಂಡು ಬಂದೆವು. ಕಣ್ಣಿನೊಳಗಿನ ಒತ್ತಡ ಇಳಿದಿದೆ. ಹೋಗಿರುವುದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದರು. ಆ ಮಾತು ಕೇಳಿ ನಿನ್ನ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಂಡರು. ನೆಗಡಿ ಎಂದರು. ನಾನೂ ನೆಗಡಿ ಎಂದೇ ಒಪ್ಪಿಕೊಂಡೆ.

ಇನ್ನು ನನ್ನ ಮಾತು. ನಿನಗೆ ಗೊತ್ತಿರುವ ಕಥೆಯನ್ನೇ ನಿನಗೆ ಹೇಳಲು ಹೊರಟಿದ್ದೇನೆ. ಆದರೆ ನಿನಗೆ ಗೊತ್ತಿರುವುದು ನೀನು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಮೇಲಿನದು ಮಾತ್ರ. ಅದಕ್ಕೆ ಮುಂಚೆ ನಾನು ಇಲ್ಲಿ ಎಷ್ಟು ಹಾರಾಡಿದೆ ಎನ್ನುವುದು ನಿನಗೆ ತಿಳಿಯದು. ಭಾವ ಹೇಳಿರುತ್ತಾರೆ ಎಂದುಕೊಳ್ಳಬೇಡ, ಅವರಿಗೆ ಜೀವದ ಮೇಲೆ ಆಸೆಯಿದೆ. ಯಾವುದಕ್ಕೆ ಎಷ್ಟು ಋಣಿ ಎಂದು ಸರಿಯಾಗಿ ಹೇಳಬೇಕಾದರೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ನೀನು ಕಳಿಸಿದ ಪೆಟ್ಟಿಗೆ ಬಂದ ದಿನ ನಾನು ಅದನ್ನು ಗಿರಾಕಿಗಳ ಮುಂದೆ ಬಿಚ್ಚಲಿಲ್ಲ. ಒಳಕೋಣೆಗೆ ತಂದು ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದೆ. ಒಳಗೆ ಮೃದುವಾದ ಕಪ್ಪು ಸ್ಪಂಜಿನಲ್ಲಿ ಆರು ಐಪೀಸ್‌ಗಳು, ಮೇಲೊಂದು ಚೀಟಿ: "ಅಕ್ಕಾ, ಲೆಕ್ಕ ಹಾಕಿದ್ದು ಪೂರ್ತಿ ನಾನೇ. ನನ್ನ ಮೊದಲನೆಯದು. ಅಳೆದು ಹೇಳು." ಅಪ್ಪನ ಕಾಲದ ಈ ಟೆಲಿಸ್ಕೋಪ್ ಅಂಗಡಿಯಲ್ಲಿ ಅಲ್ಲಿಯವರೆಗೆ ಇದ್ದದ್ದೆಲ್ಲ ಐವತ್ತು ಡಿಗ್ರಿ ಹರವಿನ ಐಪೀಸ್‌ಗಳು. ನಿನ್ನದು ಎಂಬತ್ತು. ಮಹಡಿಗೆ ಒಯ್ದು ದೊಡ್ಡ ಟೆಲಿಸ್ಕೋಪಿನ ಕಣ್ಣಿಡುವ ತುದಿಗೆ ಸಿಕ್ಕಿಸಿ ಎದುರಿನ ನೀರಿನ ಟ್ಯಾಂಕಿನ ಕಡೆ ತಿರುಗಿಸಿದೆ. ಕಿಟಕಿಯಿಂದ ನೋಡುತ್ತಿದ್ದವಳನ್ನು ಕೈ ಹಿಡಿದು ತಾರಸಿಗೆ ಕರೆತಂದ ಹಾಗಾಯಿತು. ಇದು ನಮ್ಮ ಪಾಪು ಮಾಡಿದ್ದು ಎಂದು ಟ್ಯಾಂಕಿನ ಮೇಲೆ ಕೂತಿದ್ದ ಪಾರಿವಾಳಗಳಿಗೆಲ್ಲ ಹೇಳಿದೆ.

ಆ ಹೊತ್ತಿಗೆ ಹೈಸ್ಕೂಲಿನ ವಿಜ್ಞಾನದ ಟೀಚರ್ ಅಂಗಡಿಗೆ ಬಂದರು. ಹೊಸ ಐಪೀಸ್ ನೋಡಿ "ಇದ್ರಲ್ಲಿ ಎಷ್ಟು ಆಕಾಶ ಕಾಣುತ್ತೆ?" ಎಂದು ಕೇಳಿದರು. ನಾನು ಅಪ್ಪನ ಹಾಗೆಯೇ ಪೆನ್ಸಿಲ್ ತೆಗೆದುಕೊಂಡು ಅವರ ಮುಂದೆ ಲೆಕ್ಕ ಬಿಡಿಸಿದೆ. ಟೆಲಿಸ್ಕೋಪಿನ ಫೋಕಲ್ ಲೆಂತ್ ಸಾವಿರ ಮಿಲಿಮೀಟರು, ಐಪೀಸಿನದು ಇಪ್ಪತ್ತು. ಭಾಗಿಸಿದರೆ ಐವತ್ತು, ಅಂದರೆ ಐವತ್ತು ಪಟ್ಟು ಹಿಗ್ಗಿಸುತ್ತದೆ. ಐಪೀಸಿನ ಎಂಬತ್ತು ಡಿಗ್ರಿಯನ್ನು ಆ ಐವತ್ತರಿಂದ ಭಾಗಿಸಿದರೆ ಒಂದು ಪಾಯಿಂಟ್ ಆರು ಡಿಗ್ರಿ. ಟೀಚರ್ ಸುಮ್ಮನೆ ತಲೆಯಾಡಿಸಿದರು. ಡಿಗ್ರಿಯನ್ನು ಯಾರೂ ಕಣ್ಣಾರೆ ಕಂಡಿಲ್ಲ, ಗಿರಾಕಿಗೆ ಚಂದ್ರನಲ್ಲಿ ಹೇಳಬೇಕು ಎಂದು ಅಪ್ಪ ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಹಾಗಾಗಿ ಇದರಲ್ಲಿ ಮೂರು ಚಂದ್ರರನ್ನು ಪಕ್ಕ ಪಕ್ಕ ನಿಲ್ಲಿಸಿದರೂ ಇನ್ನೂ ಚೂರು ಜಾಗ ಉಳಿಯುತ್ತದೆ ಎಂದೆ. "ಮೂರು ಚಂದ್ರನಾ!" ಎಂದು ಅವರ ಕಣ್ಣರಳಿತು. ಅವರ ಕ್ಯಾಮೆರಾವನ್ನು ಅದೇ ಟೆಲಿಸ್ಕೋಪಿಗೆ ಹಾಕಿದರೆ ಎಷ್ಟು ಎಂದು ಅದನ್ನೂ ಕೇಳಿದರು. ಕ್ಯಾಮೆರಾ ಒಳಗಿನ ಸೆನ್ಸರಿನ ಅಗಲ ಇಪ್ಪತ್ತಮೂರು ಮಿಲಿಮೀಟರು, ಅದನ್ನು ಸಾವಿರದಿಂದ ಭಾಗಿಸಿ, ಡಿಗ್ರಿಗೆ ತಿರುಗಿಸಲು ಐವತ್ತೇಳರಿಂದ ಗುಣಿಸಿದೆ. ಎರಡೂವರೆ ಚಂದ್ರ ಚಿಲ್ಲರೆ ಬಂತು. ಕಣ್ಣಿಗೆ ಕಂಡಷ್ಟು ಕ್ಯಾಮೆರಾಗೆ ಸಿಗುವುದಿಲ್ಲ, ಅದು ನಮ್ಮ ಪಾಪುವಿನ ಗಾಜಿನ ಮಹಿಮೆ ಎಂದು ಜಂಬ ಕೊಚ್ಚಿಕೊಂಡೆ.

ಜಂಬ ಕೊಚ್ಚಿಕೊಂಡರೂ ಗೋಡೆಯ ಪಟ್ಟಿಯಲ್ಲಿ ನಿನ್ನ ಐಪೀಸನ್ನು ಬರೆಯಲಿಲ್ಲ. ಯಾವ ಐಪೀಸಿಗೆ ಎಷ್ಟು ಚಂದ್ರ ಎಂದು ಅಳೆಯದೆ ಬರೆಯಬಾರದು ಎನ್ನುವುದು ಅಪ್ಪನ ಕಾಲದ ಕಟ್ಟುಪಾಡು. ಸೂರ್ಯ ಮುಳುಗಿದ ಮೇಲೆ ಟೆಲಿಸ್ಕೋಪನ್ನು ಅಲ್ಲಾಡದಂತೆ ಬಿಗಿದು, ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳಲ್ಲಿ ಮುಂದೆ ಹೋಗುವುದನ್ನು ಹಿಡಿದು, ಅದು ಒಂದು ಅಂಚಿನಿಂದ ಒಳಗೆ ಬಂದು ನಡುಮಧ್ಯ ಹಾದು ಇನ್ನೊಂದು ಅಂಚಿನಿಂದ ಹೊರಗೆ ಹೋಗುವವರೆಗೆ ಹೊತ್ತು ನೋಡುವುದು. ಆಕಾಶ ಒಂದು ಚಂದ್ರದಷ್ಟು ಸರಿಯಲು ಎರಡು ನಿಮಿಷ. ನಿನ್ನ ಐಪೀಸಿಗೆ ಆರು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು ಬರಬೇಕಿತ್ತು. ನಕ್ಷತ್ರದ ಹಿಂದೆ ಕಣ್ಣು ಓಡಬಾರದು. ಓಡಿದರೆ ಅಗಲದ ಐಪೀಸಿನಲ್ಲಿ ಕಪ್ಪು ನೆರಳು ಬಿದ್ದು ಎಲ್ಲ ಕೆಡುತ್ತದೆ. "ಕಣ್ಣು ನಡುವೆ ಇರಲಿ, ಅಂಚನ್ನ ಅಂಚಿಗೇ ಬಿಡು" ಎಂದು ಅಪ್ಪ ನಮ್ಮ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರಲ್ಲ, ನೀನು ಅದನ್ನು ಅವರದೇ ಗಡಸು ದನಿಯಲ್ಲಿ ಅಣಕಿಸಿ ಏಟು ತಿನ್ನುತ್ತಿದ್ದೆ.

ಅಪ್ಪ ಇನ್ನೂ ಒಂದು ಮಾತು ಹೇಳುತ್ತಿದ್ದರು, ಬಂದವರಿಗೆಲ್ಲ. "ಲೆಕ್ಕ ಚಿಕ್ಕವಳದ್ದು, ಕಣ್ಣು ದೊಡ್ಡವಳದ್ದು." ನೀನು ಆ ಲೆಕ್ಕ ಹಿಡಿದುಕೊಂಡು ಎಲ್ಲಿಂದ ಎಲ್ಲಿಗೋ ಹೋದೆ, ಗಾಜಿನ ಕಾರ್ಖಾನೆಯಲ್ಲಿ ಐಪೀಸ್‌ಗಳನ್ನು ರೂಪಿಸುವವಳಾದೆ. ನಾನು ಈ ಕಣ್ಣು ಹಿಡಿದುಕೊಂಡು ಇಲ್ಲೇ ಉಳಿದೆ. ಅಪ್ಪ ಹೋದ ಮೇಲೆ ಈ ಅಂಗಡಿಯ ಮರ್ಯಾದೆಯೆಲ್ಲ ನನ್ನ ಬಲಗಣ್ಣಿನ ಮೇಲೆ ನಿಂತಿತ್ತು. ಬೇರೆ ಊರಿನವರೂ ಐಪೀಸ್ ಕಳಿಸಿ ಅಳೆಸಿಕೊಳ್ಳುತ್ತಿದ್ದರು. ಇದನ್ನು ಬರೆಯುತ್ತಿರುವುದು ನನ್ನನ್ನು ಹೊಗಳಿಕೊಳ್ಳಲು ಅಲ್ಲ, ಮುಂದಿನದು ಹೇಗಾಯಿತು ಎಂದು ನಿನಗೆ ಅರ್ಥವಾಗಲಿ ಎಂದು.

ಮೊದಲ ಸಂಜೆ ಅಳೆದೆ. ಐದು ನಿಮಿಷ ಇಪ್ಪತ್ತೆರಡು ಸೆಕೆಂಡು. ಎಲ್ಲೋ ತಪ್ಪಿದೆ ಎಂದು ಮತ್ತೆ ಅಳೆದೆ. ಅಷ್ಟೇ. ಮರುದಿನ ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಅಳೆದೆ, ಅದೂ ಅಷ್ಟೇ. ಅಂಗಡಿಯ ಹಳೆಯ ಐವತ್ತು ಡಿಗ್ರಿಯದನ್ನು ಹಾಕಿ ನೋಡಿದರೆ ಲೆಕ್ಕಕ್ಕೆ ಸರಿಯಾಗಿ ಕೂತಿತು. ಹಳೆಯದು ಸರಿ, ಹೊಸದು ಮಾತ್ರ ಒಂದು ನಿಮಿಷ ಕಡಿಮೆ. ಇನ್ನೇನು ಅನುಮಾನ? ನನ್ನ ಕಣ್ಣಿನ ಮೇಲೆ ಅನುಮಾನ ಪಡುವ ಯೋಚನೆ ನನ್ನ ಹತ್ತಿರವೂ ಸುಳಿಯಲಿಲ್ಲ. ಎಂಬತ್ತು ಡಿಗ್ರಿ ಎಂದು ಪೆಟ್ಟಿಗೆ ಮೇಲೆ ಅಚ್ಚು ಹಾಕಿಸಿ, ಮೂರು ಚಂದ್ರದ ಜಾಗದಲ್ಲಿ ಎರಡೂವರೆ ಚಂದ್ರ ಕೊಟ್ಟಿದ್ದಾರೆ ಎಂದು ಮೈಯೆಲ್ಲ ಉರಿದುಹೋಯಿತು. ಅದರಲ್ಲೂ ನೀನು ಮಾಡಿದ್ದು ಎಂದು ಹೆಚ್ಚೇ ಉರಿಯಿತು.

ನಿನ್ನ ಭಾವ "ಒಂದ್ಸಲ ಪಾಪುಗೆ ಫೋನ್ ಮಾಡಿ ಕೇಳೇ" ಎಂದು ನನ್ನ ಹಿಂದೆ ಹಿಂದೆ ಬಂದರು. ಅಕ್ಕ ತಂಗಿ ಒಳಗೊಳಗೇ ಸರಿ ಮಾಡಿಕೊಂಡರು ಎಂದು ಯಾರೂ ಅನ್ನಬಾರದು ಎಂದು ಅವರ ಬಾಯಿ ಮುಚ್ಚಿಸಿದೆ. ನಿನಗೆ ಒಂದು ಸಾಲೂ ಬರೆಯದೆ ನೇರವಾಗಿ ನಿನ್ನ ಮ್ಯಾನೇಜರಿಗೆ ಬರೆದೆ. ಆರೂ ಐಪೀಸನ್ನು ಅದೇ ಸ್ಪಂಜಿನಲ್ಲಿ ಇಟ್ಟು ವಾಪಸು ಕಳಿಸಿದೆ. ಅಲ್ಲಿ ನಿನ್ನ ಐಪೀಸ್ ಮಾಡುವುದನ್ನೇ ನಿಲ್ಲಿಸಿದರು, ನಿನ್ನನ್ನು ಕೂರಿಸಿ ಕೇಳಿದರು, ಮೊದಲ ಕೆಲಸದಲ್ಲೇ ಸುಳ್ಳು ಅಂಕಿ ಬರೆದವಳು ಎಂಬ ಹೆಸರು ಬರುವುದರಲ್ಲಿತ್ತು ಎನ್ನುವುದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ನೀನು ಫೋನ್ ಮಾಡಲಿಲ್ಲ ಎನ್ನುವುದು ಒಂದೇ. ಮುಖ ಇಲ್ಲ ಇವಳಿಗೆ, ಅದಕ್ಕೇ ಮಾಡುತ್ತಿಲ್ಲ ಎಂದುಕೊಂಡೆ.

ಮುಖ ಇತ್ತು ನಿನಗೆ. ಆ ಶನಿವಾರ ಮಧ್ಯಾಹ್ನ ಆ ಮುಖವನ್ನು ಊದಿಸಿಕೊಂಡೇ ಅಂಗಡಿಯೊಳಗೆ ಬಂದೆ. ಹೆಗಲಲ್ಲಿ ಚೀಲ, ಚೀಲದಲ್ಲಿ ನಾನು ವಾಪಸು ಕಳಿಸಿದ ಐಪೀಸ್. ಹೇಗಿದ್ದೀಯ ಎಂದು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. "ಟೆಲಿಸ್ಕೋಪ್ ಎಲ್ಲಿ?" ಎಂದೆ ನೀನು. "ಇರೋ ಕಡೆನೇ ಇದೆ" ಎಂದೆ ನಾನು. ಭಾವ ಎರಡು ಲೋಟ ಚಹಾ ಮಾಡಿ ಮೇಜಿನ ಎರಡು ತುದಿಗೆ ಒಂದೊಂದು ಇಟ್ಟು, ಬಲ್ಬು ತರಬೇಕು ಎಂದು ಹೇಳಿ ಹೊರಟವರು ಕತ್ತಲಾದ ಮೇಲೇ ಬಂದದ್ದು. ಬಲ್ಬು ತರಲಿಲ್ಲ.

ಸಂಜೆ ನಕ್ಷತ್ರ ಮೂಡಿದ ಮೇಲೆ ಮಹಡಿಯಲ್ಲಿ ನೀನು ಮೊದಲು ನಿನ್ನ ಪುಟ್ಟ ಕ್ಯಾಮೆರಾವನ್ನು ಐಪೀಸಿನ ಹಿಂದೆ ಕ್ಲಿಪ್ಪು ಹಾಕಿ ನಿಲ್ಲಿಸಿದೆ. ಕ್ಯಾಮೆರಾದ ಹರವು ತೊಂಬತ್ತು ಡಿಗ್ರಿ, ಐಪೀಸಿನದು ಎಂಬತ್ತು, ಅಂಚು ಸಮೇತ ಪೂರ್ತಿ ಹಿಡಿಸುತ್ತದೆ ಎಂದು ಗಾಳಿಗೆ ಹೇಳುವ ಹಾಗೆ ಹೇಳಿದೆ. ಕ್ಯಾಮೆರಾದ ಪರದೆಯಲ್ಲಿ ನಕ್ಷತ್ರ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಆರು ನಿಮಿಷ ಇಪ್ಪತ್ತನಾಲ್ಕು. "ಕ್ಯಾಮೆರಾಗೆ ಏನ್ ಗೊತ್ತು, ನೀನು ಹೇಳ್ಕೊಟ್ಟ ಹಾಗೆ ಕೇಳುತ್ತೆ" ಎಂದು ನಾನು ಅದನ್ನೂ ಬೈದೆ. ಆಮೇಲೆ ನಾನು ಬಗ್ಗಿದೆ. "ಬಂತು" ಎಂದೆ, "ಹೋಯ್ತು" ಎಂದೆ. ನೀನು ವಾಚು ನೋಡಿದೆ. ಐದು ಇಪ್ಪತ್ತೆರಡು.

ಆ ಹೊತ್ತಿನಲ್ಲಿ ನೀನು ಹಿಗ್ಗಬಹುದಿತ್ತು, ಪಾಪು. ನಿನ್ನ ಐಪೀಸ್ ಸರಿಯಿದೆ ಎಂದು ಕ್ಯಾಮೆರಾ ಹೇಳಿಯಾಗಿತ್ತು. ನಿನ್ನ ಕೆಲಸ ಉಳಿದಿತ್ತು. ಆ ಚಿತ್ರವನ್ನು ಮ್ಯಾನೇಜರಿಗೆ ಕಳಿಸಿ, ನನ್ನ ಮುಖಕ್ಕೆ ನಾಲ್ಕು ಮಾತು ಹೇಳಿ, ರಾತ್ರಿಯ ರೈಲು ಹತ್ತಿದ್ದರೆ ಯಾರೂ ನಿನ್ನನ್ನು ತಪ್ಪು ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಅನ್ನುತ್ತಿದ್ದೆ. ನೀನು ಮಹಡಿಯ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ನಕ್ಷತ್ರ ಬರೋವಾಗ ತಡವಾಗಿ ಬರುತ್ತಾ, ಹೋಗೋವಾಗ ಬೇಗ ಹೋಗುತ್ತಾ ಎಂದು ಕೇಳಿದೆ. ಹೋಗುವಾಗ ಬೇಗ ಎಂದೆ ನಾನು. "ಮೂಗಿನ ಕಡೆಗಾ, ಕಿವಿ ಕಡೆಗಾ?" ಎಂದೆ ನೀನು. ಇದೆಂಥ ಪ್ರಶ್ನೆ ಎಂದು ನಾನು ರೇಗಿದೆ. ಯೋಚಿಸಿ ನೋಡಿದರೆ ಮೂಗಿನ ಕಡೆಗೆ.

ಆಗ ನಿನ್ನ ದನಿಯೇ ಬೇರೆಯಾಯಿತು. "ಅಕ್ಕಾ, ಎಡಗಣ್ಣಲ್ಲಿ ನೋಡು." ಎಡಗಣ್ಣಲ್ಲಿ ನಾನು ಜನ್ಮದಲ್ಲೇ ಅಳೆದವಳಲ್ಲ ಎಂದೆ. "ಇವತ್ತು ಅಳಿ. ನನಗೋಸ್ಕರ" ಎಂದೆ ನೀನು. ಜಗಳವಾಡಲು ಬಂದವಳು ನನಗೋಸ್ಕರ ಎಂದದ್ದು ಕೇಳಿ ಎಡಗಣ್ಣನ್ನು ಐಪೀಸಿಗೆ ಇಟ್ಟೆ. ನಕ್ಷತ್ರ ಬಂತು, ನಡುವೆ ಹಾಯಿತು, ಹೋಗುವ ಹೊತ್ತಾಯಿತು ಎಂದು ನಾನು ಕಾಯುತ್ತಿದ್ದರೆ ಅದು ಇನ್ನೂ ಇದೆ, ಇನ್ನೂ ಇದೆ. ಕೊನೆಗೆ ಹೋಯ್ತು ಎಂದೆ. ನೀನು ವಾಚನ್ನು ನನ್ನ ಅಂಗೈಯಲ್ಲಿ ಇಟ್ಟೆ, ನಾನೇ ಓದಿಕೊಂಡೆ. ಆರು ಇಪ್ಪತ್ತಮೂರು. ಗೆದ್ದವಳ ಮುಖ ಹಾಗಿರುತ್ತದೆಯೇ? ಅಮ್ಮ ಹೋದ ದಿನ ನಿನ್ನ ಮುಖ ಹಾಗಿತ್ತು.

ನಾನು ಮಹಡಿಯ ಕಟ್ಟೆಯ ಮೇಲೆ ಕೂತೆ. ನೀನು ನನ್ನನ್ನು ಸಮಾಧಾನ ಮಾಡಲು ಎಲ್ಲರ ಎರಡು ಕಣ್ಣೂ ಒಂದೇ ಥರ ಇರಲ್ಲ ಬಿಡಕ್ಕಾ, ನಂದೂ ನೋಡೋಣ ಎಂದು ಐಪೀಸಿಗೆ ಬಗ್ಗಿದೆ. ವಾಚು ನನ್ನ ಕೈಯಲ್ಲೇ ಇತ್ತು. ನೀನು ಬಲಗಣ್ಣು ಮುಗಿಸಿದೆ. ಟೆಲಿಸ್ಕೋಪನ್ನು ಮತ್ತೆ ನಕ್ಷತ್ರದ ಮುಂದಕ್ಕೆ ತಿರುಗಿಸಿ ಎಡಗಣ್ಣನ್ನೂ ಮುಗಿಸಿದೆ. ಎರಡು ಸಲವೂ ಸರಿಯಾಗಿದೆ ಎಂದು ಹೇಳಿ ನಾನು ವಾಚನ್ನು ಸೊನ್ನೆಗೆ ಒತ್ತಿದೆ.

ಸೋಮವಾರ ಕಣ್ಣಿನ ಆಸ್ಪತ್ರೆ. ಬರುವುದಿಲ್ಲ ಎಂದು ನಾನು ಮಾಡಿದ ಗಲಾಟೆ ನೆನಪಿದೆಯಲ್ಲ. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೀನು ನನ್ನ ಕೈ ಹಿಡಿದುಕೊಂಡು ಕೂತೆ, ಒಂದು ಗಳಿಗೆಯೂ ಬಿಡಲಿಲ್ಲ. ನಾನು ಹೆದರಿಲ್ಲ ಎಂದು ತೋರಿಸಿಕೊಳ್ಳಲು ಗೋಡೆಯ ಮೇಲಿದ್ದ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದೆ. ಪಕ್ಕದವರು ಎದ್ದು ಬೇರೆ ಕುರ್ಚಿಗೆ ಹೋದರು.

ಒಳಗಿನ ಕತ್ತಲೆ ಕೋಣೆಯಿಂದ ನಾನು ಜೋರಾಗಿ ನಕ್ಕದ್ದು ನಿನಗೆ ಕೇಳಿಸಿ, ಯಾಕೆ ನಕ್ಕೆ ಎಂದು ದಾರಿಯುದ್ದಕ್ಕೂ ಕೇಳಿದೆ. ಆಗ ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಈಗ ಹೇಳುತ್ತೇನೆ. ಅಲ್ಲೊಂದು ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರ ಇದೆ, ಅದರೊಳಗೆ ಮುಖ ಇಟ್ಟುಕೊಂಡು ಕೂರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವ ಹೆಂಗಸು ನನ್ನ ಗದ್ದ ಸರಿ ಮಾಡಿ "ಅಮ್ಮಾ, ಕಣ್ಣು ನಡುವೆ ಇರಲಿ. ಅಂಚಲ್ಲಿ ಬೆಳಕು ಬಂದ್ರೂ ಆ ಕಡೆ ನೋಡಬೇಡಿ" ಎಂದರು. ಪಾಪು, ನನ್ನ ಬೆನ್ನ ಹಿಂದೆ ಅಪ್ಪನೇ ಬಂದು ನಿಂತ ಹಾಗಾಯಿತು. ನಾನು ಜೀವಮಾನವಿಡೀ ಗಾಜುಗಳನ್ನು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅಪ್ಪ ಕಲಿಸಿದ್ದ ಅದೇ ಅಳತೆ ಕೊನೆಗೆ ನನ್ನ ಕಣ್ಣನ್ನೇ ಅಳೆದುಕೊಟ್ಟಿತು.

ಡಾಕ್ಟರಮ್ಮ ಕೊಟ್ಟ ಚಿತ್ರದಲ್ಲಿ ಬಲಗಣ್ಣಿನ ಮೂಗಿನ ಬದಿಗೆ ಬೂದು ಬಣ್ಣ ಮೆತ್ತಿದಂತಿತ್ತು. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ನರವನ್ನು ಸವೆಸುತ್ತಿದೆ ಎಂದರು. ಎರಡು ಕಣ್ಣೂ ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ, ನೋವಿಲ್ಲ, ಉರಿಯಿಲ್ಲ, ಹಾಗಾಗಿ ಗೊತ್ತಾಗುವ ಹೊತ್ತಿಗೆ ಬಹಳ ಹೋಗಿರುತ್ತದೆ ಎಂದರು. ನಿಮಗೆ ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಕೇಳಿದಾಗ ನೀನು "ಅಕ್ಕ ಐಪೀಸ್ ವಾಪಸ್ ಕಳಿಸಿದ್ರು ಡಾಕ್ಟ್ರೇ" ಎಂದೆ. ಅವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ನೀನು ಅವರ ಚೀಟಿಯ ಹಿಂಬದಿಯಲ್ಲೇ ಮೂರು ಚಂದ್ರ ಬರೆದು ಲೆಕ್ಕ ಬಿಡಿಸಿ ತೋರಿಸಿದೆ. ಆಮೇಲೆ ನೀನು ಔಷಧಿ ತರಲು ಹೊರಗೆ ಹೋದಾಗ ಅವರು ನನ್ನ ಹತ್ತಿರ ಇನ್ನೂ ಒಂದೆರಡು ಮಾತು ಕೇಳಿದರು, ಅದು ಹಾಗಿರಲಿ.

ನನಗೆ ರಾತ್ರಿ ಮಲಗಿದಾಗಲೂ ಬಿಡದ ಯೋಚನೆ ಒಂದಿದೆ. ಹಳೆಯ ಐಪೀಸ್‌ಗಳೆಲ್ಲ ಕಿರಿದು. ನನ್ನ ಕಣ್ಣಿನಲ್ಲಿ ಉಳಿದಿದ್ದ ಜಾಗದೊಳಗೆ ಅವು ಸಲೀಸಾಗಿ ಕೂರುತ್ತಿದ್ದವು, ಅದಕ್ಕೇ ಒಂದೂ ತಪ್ಪಲಿಲ್ಲ. ನೀನೂ ಅಂಥದನ್ನೇ ಮಾಡಿ ಕಳಿಸಿದ್ದರೆ ನಾನು ಸರಿಯಾಗಿದೆ ಎಂದು ಬೆನ್ನು ತಟ್ಟುತ್ತಿದ್ದೆ, ಒಳಗೊಳಗೇ ಕಣ್ಣು ಕಳೆದುಕೊಳ್ಳುತ್ತಿದ್ದೆ. ನೀನು ಅಗಲ ಮಾಡಿದ್ದಕ್ಕೆ ನನ್ನ ಕೊರತೆ ಕಂಡಿತು. ದೇವರಿಗೆ ಎಷ್ಟು ಕೈ ಮುಗಿದೆನೋ ನಿನಗೂ ಅಷ್ಟೇ ಮುಗಿದಿದ್ದೇನೆ. ಚಿಕ್ಕವಳಿಗೆ ಕೈ ಮುಗಿಯಬಾರದು ಎನ್ನುತ್ತಾರೆ, ಯಾರೂ ನೋಡದಿದ್ದಾಗ ಮುಗಿದೆ.

ನೀನು ಹೋದ ಮೇಲೆ ನಿನ್ನ ಮ್ಯಾನೇಜರಿಗೆ ಎರಡನೆಯ ಪತ್ರ ಬರೆದೆ. ಐಪೀಸ್ ಸರಿಯಿದೆ, ಮೂರು ಚಂದ್ರಕ್ಕೂ ಮಿಗಿಲಾಗಿದೆ, ಕಡಿಮೆಯಿದ್ದದ್ದು ನನ್ನ ಕಣ್ಣು ಎಂದು. ಮೊನ್ನೆ ಅವರ ಉತ್ತರ ಬಂತು. ನಿನ್ನ ಐಪೀಸಿನ ಮೇಲಿನ ತಕರಾರು ತೀರಿದೆಯಂತೆ, ಮತ್ತೆ ಮಾಡಲು ಶುರು ಮಾಡಿದ್ದಾರಂತೆ. ಕೊನೆಗೆ ಒಂದು ಸಾಲು: ಕಣ್ಣಿನ ವಿಷಯ ಕೇಳಿ ಆಶ್ಚರ್ಯವಾಯಿತು, ನಿಮ್ಮ ತಂಗಿ ಅಂಗಡಿಯ ಸ್ಟ್ಯಾಂಡು ಸಡಿಲವಾಗಿ ಅಳತೆ ತಪ್ಪಿತು ಎಂದು ಹೇಳಿದ್ದರಲ್ಲ! ಸ್ಟ್ಯಾಂಡು ಸಡಿಲ! ಅಪ್ಪ ತಾವೇ ನಿಂತು ಬೆಸೆಸಿದ ಕಬ್ಬಿಣದ ಸ್ಟ್ಯಾಂಡು! ಗಾಳಿಗೂ ಅಲ್ಲಾಡದ್ದನ್ನು ಸಡಿಲ ಎಂದಳಲ್ಲ ಎಂದು ಮೊದಲು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಅರ್ಥವಾಯಿತು. ಅಳೆಯುವವಳ ಕಣ್ಣು ಕೆಟ್ಟಿದೆ ಎಂದು ಸುದ್ದಿಯಾದರೆ ಈ ಅಂಗಡಿಯ ಅಳತೆಯನ್ನು ಇನ್ನು ಯಾರು ನಂಬುತ್ತಾರೆ ಎಂದು, ನಿನ್ನ ಹೆಸರು ಉಳಿಸಿಕೊಳ್ಳಲು ಬಂದವಳು ನನ್ನ ಹೆಸರನ್ನೂ ಉಳಿಸಿ ಹೋಗಿದ್ದೀಯ. ಆ ಕಾಗದ ಹಿಡಿದುಕೊಂಡು ಒಳಕೋಣೆಯಲ್ಲಿ ಕೂತು ಮನಸಾರೆ ಅತ್ತೆ. ಅಳುವುದು ಕಣ್ಣಿಗೆ ಒಳ್ಳೆಯದೋ ಕೆಟ್ಟದ್ದೋ, ಡಾಕ್ಟರಮ್ಮನನ್ನು ಕೇಳಬೇಕು.

ಆದರೆ ಮುಚ್ಚಿಟ್ಟುಕೊಂಡು ಬದುಕುವುದು ನನಗೆ ಒಗ್ಗುವುದಿಲ್ಲ. ಮೊನ್ನೆ ಟೀಚರ್ ಬಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಗಾಬರಿಯಾಗಿ ತಮ್ಮ ಒಂದೊಂದೇ ಕಣ್ಣು ಮುಚ್ಚಿ ಅಂಗಡಿಯೆಲ್ಲ ನೋಡಿಕೊಂಡರು. ನಿನ್ನ ಐಪೀಸನ್ನೇ ಬೇಕು ಎಂದು ಒಯ್ದರು. ಗೋಡೆಯ ಪಟ್ಟಿಯಲ್ಲೂ ಬರೆದಿದ್ದೇನೆ: ಇಪ್ಪತ್ತು ಮಿಲಿಮೀಟರು, ಮೂರು ಚಂದ್ರ ಚಿಲ್ಲರೆ, ಲೆಕ್ಕ ತಂಗಿಯದು, ಅಳತೆ ಅಕ್ಕನದು, ಎಡಗಣ್ಣು. ಓದಿದವರು ನಗುತ್ತಾರೆ, ನಗಲಿ. ಎಡಗಣ್ಣಿಗೂ ಈಗ ಕೆಲಸ ಚೆನ್ನಾಗಿ ರೂಢಿಯಾಗಿದೆ. ಇಷ್ಟು ವರ್ಷ ಬಲಗಣ್ಣು ದುಡಿಯುವಾಗ ಸುಮ್ಮನೆ ಮುಚ್ಚಿಕೊಂಡು ಮಲಗಿರುತ್ತಿದ್ದ ಸೋಮಾರಿ ಅದು.

ನಿನಗೆ ಒಳ್ಳೆಯದಾಗಲಿ, ಪಾಪು. ನೀನು ನನ್ನ ತಂಗಿಯಾಗಿ ಹುಟ್ಟಿದ್ದಕ್ಕೆ, ಲೆಕ್ಕದ ಮೇಲೆ ಹಟ ಮಾಡಿದ್ದಕ್ಕೆ, ಜಗಳಕ್ಕೆ ಬಂದು ಜಗಳ ಮರೆತದ್ದಕ್ಕೆ, ಎಲ್ಲಕ್ಕೂ ಈ ಅಕ್ಕ ನಿನಗೆ ಋಣಿ. ಇದನ್ನು ಮತ್ತೆ ಬಾಯಲ್ಲಿ ಹೇಳುವುದಿಲ್ಲ, ಹಾಗಾಗಿ ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೋ.

ಇಂತಿ,
ನಿನ್ನ ಒಂದೂಮುಕ್ಕಾಲು ಕಣ್ಣಿನ
ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು. ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದುತ್ತಿರಲಿಲ್ಲ. ಬರುವ ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೇಳಿಟ್ಟಿದ್ದೇನೆ, ನನಗಲ್ಲ, ನಿನಗೆ. ಅವರು ಆವತ್ತು ನನ್ನ ಹತ್ತಿರ ಕೇಳಿದ್ದು ಒಡಹುಟ್ಟಿದವರು ಎಷ್ಟು ಜನ ಎಂದು, ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆಯಂತೆ. ಮಹಡಿಯ ಮೇಲೆ ನಾನು ಎರಡು ಸಲ ಸರಿಯಾಗಿದೆ ಎಂದೆನಲ್ಲ, ಅದರಲ್ಲಿ ನಿನ್ನ ಬಲಗಣ್ಣಿನದು ಮಾತ್ರ ನಿಜ. ಎಡಗಣ್ಣಿನದು ಹದಿನೆಂಟು ಸೆಕೆಂಡು ಕಡಿಮೆ ಬಂತು. ಆ ಹೊತ್ತಿಗೆ ಅದರ ಅರ್ಥ ಏನೆಂದು ನನಗೆ ಗೊತ್ತಾಗಿತ್ತು, ಹೇಳಲು ಬಾಯಿ ಬರಲಿಲ್ಲ. ಐಪೀಸಿನ ತಕರಾರು ತೀರುವವರೆಗೆ ತಡೆದುಕೊಂಡೆ. ಡಾಕ್ಟರಮ್ಮನನ್ನು ಕೇಳಿದ್ದೇನೆ, ಇದ್ದರೂ ಇದು ತೀರಾ ಶುರು, ಈಗಲೇ ಹಿಡಿದರೆ ನನಗಿಂತ ಹೆಚ್ಚು ಉಳಿಯುತ್ತದೆ ಎಂದರು. ನೀನು ರೆಪ್ಪೆ ಮಿಟುಕಿಸಿದ್ದೂ ಇರಬಹುದು. ಇರಲಿ, ಬಾ. ಈ ಸಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈ ಹಿಡಿದುಕೊಂಡು ಕೂರುವುದು ನನ್ನ ಸರದಿ.